ರಕ್ತದೊತ್ತಡದ ಮದ್ದು ಮತ್ತು ಮಾತ್ರೆಗಳ ಹೊರೆ: ಒಂದು ಚಾರಿತ್ರಿಕ ಅವಲೋಕನ

ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿ ಓದಿ, ಮೂವತ್ತು ವರ್ಷಗಳಿಗೂ ಮಿಗಿಲಾಗಿ ಉಪಾಧ್ಯಾಯ ವೃತ್ತಿಯನ್ನು ನಡೆಸಿ ನಿವೃತ್ತರಾದ ಹಿರಿಯರೊಬ್ಬರು ಕಳೆದ ವರ್ಷ ಪಾರ್ಶ್ವವಾಯುವಿಗೆ ತುತ್ತಾದರು. ಹಳೆಯ ವಿದ್ಯಾರ್ಥಿಗಳ ಸಂಘದ ವರದಿಯನ್ನು ಪ್ರತಿ ವರ್ಷವೂ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಅವರ ಬಲಗೈ ಸ್ವಾಧೀನ ತಪ್ಪಿತು. ಅವರನ್ನು ನೋಡಲು ನಾವು ಹೋದಾಗ ಅವರ ಮಗನು ಒಳಗಿನಿಂದ ಒಂದು ಬಟ್ಟೆಯ ಚೀಲವನ್ನು ತಂದು ನಮ್ಮ ಮುಂದೆ ಬಿಚ್ಚಿದನು. ಅದರಲ್ಲಿ ರಕ್ತದೊತ್ತಡದ ಮಾತ್ರೆಗಳ ಹಾಳೆಗಳಿದ್ದವು. ಕೆಲವು ಅರ್ಧ ತೆರೆದವು, ಅನೇಕವು ಮುಟ್ಟದೆಯೇ ಉಳಿದವು. ತಿಂಗಳು ತಿಂಗಳೂ ಕೊಂಡುತಂದ ಮದ್ದು ಹೀಗೆ ಚೀಲ ಸೇರಿದ್ದಿತು.

ಶಿಸ್ತಿಗೆ ಹೆಸರಾದ ವ್ಯಕ್ತಿ ಅವರು. ಬೆಳಗಿನ ಇಷ್ಟಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. "ಪೂಜೆ ತಪ್ಪದವರಿಗೆ ಮಾತ್ರೆ ಹೇಗೆ ತಪ್ಪಿತು, ಮೇಷ್ಟ್ರೇ?" ಎಂದು ನಾವು ಕೇಳಿದೆವು. ಅವರು ತೊದಲುವ ಮಾತಿನಲ್ಲಿ, "ಪೂಜೆಯ ಹೊತ್ತು ಒಂದು, ಬುದ್ಧಿ. ಮಾತ್ರೆಯ ಹೊತ್ತು ನಾಲ್ಕು, ಎಣಿಕೆ ಒಂಬತ್ತು. ಯಾವುದನ್ನು ನುಂಗಿದೆ, ಯಾವುದನ್ನು ಬಿಟ್ಟೆ ಎಂಬುದೇ ತಿಳಿಯದೆ ಹೋಯಿತು" ಎಂದರು. ಆ ಉತ್ತರವು ನಮ್ಮ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ರೋಗಿಯು ಮದ್ದನ್ನು ಬಿಡುವುದು ಕೇವಲ ಅವನ ಅಲಕ್ಷ್ಯದ ಫಲವೇ? ಅಥವಾ ಮದ್ದಿನ ಸಂಖ್ಯೆಗೂ ವೇಳೆಗೂ ಅದರಲ್ಲಿ ಪಾಲುಂಟೇ? ಈ ಪ್ರಶ್ನೆಗೆ ವೈದ್ಯಶಾಸ್ತ್ರದ ಇತಿಹಾಸವು ಕೊಡುವ ಉತ್ತರವನ್ನು ಓದುಗರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಳತೆಯಿಂದ ಮಾತ್ರ ತಿಳಿಯುವ ರೋಗ

ಜ್ವರ ಬಂದವನಿಗೆ ಮೈ ಸುಡುತ್ತದೆ. ಹುಣ್ಣಾದವನಿಗೆ ನೋವು ತಿಳಿಯುತ್ತದೆ. ರಕ್ತದೊತ್ತಡ ಏರಿದವನಿಗೆ ಬಹುಮಟ್ಟಿಗೆ ಏನೂ ತಿಳಿಯುವುದಿಲ್ಲ. ಈ ಒಂದು ಸಂಗತಿಯನ್ನು ಮರೆತರೆ ಮುಂದಿನ ಕಥೆಯು ಅರ್ಥವಾಗದು. ನಮ್ಮ ದೇಶದ ವೈದ್ಯರು ನಾಡಿಯನ್ನು ಹಿಡಿದು ದೇಹದ ಸ್ಥಿತಿಯನ್ನು ಊಹಿಸುತ್ತಿದ್ದರು. ಶಾರ್ಙ್ಗಧರ ಸಂಹಿತೆಯಲ್ಲಿ ನಾಡೀಪರೀಕ್ಷೆಯ ವಿವರವಿದೆ. ಆದರೆ ರಕ್ತವು ನಾಳದ ಗೋಡೆಯನ್ನು ಎಷ್ಟು ಬಲದಿಂದ ಒತ್ತುತ್ತದೆ ಎಂಬುದನ್ನು ಅಂಕಿಯಲ್ಲಿ ಹೇಳುವ ಸಾಧನವು ಎಲ್ಲಿಯೂ ಇರಲಿಲ್ಲ.

ಅದನ್ನು ಮೊದಲು ಅಳೆದವನು ವೈದ್ಯನಲ್ಲ, ಒಬ್ಬ ಧರ್ಮಗುರು ಎಂಬುದು ಕುತೂಹಲದ ವಿಷಯ. ಇಂಗ್ಲೆಂಡಿನ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್ ಎಂಬಾತನು ಹೆಣ್ಣುಕುದುರೆಯೊಂದರ ರಕ್ತನಾಳಕ್ಕೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆಯನ್ನು ಜೋಡಿಸಿದನು. ರಕ್ತವು ಆ ನಳಿಗೆಯಲ್ಲಿ ಎಂಟು ಅಡಿ ಮೂರು ಅಂಗುಲದಷ್ಟು ಎತ್ತರಕ್ಕೆ ಏರಿ ನಿಂತಿತು. ಈ ಪ್ರಯೋಗದ ವಿವರವನ್ನು ಅವನು 1733ರಲ್ಲಿ ಪ್ರಕಟಿಸಿದನು. ಮನುಷ್ಯನ ನಾಳವನ್ನು ಕೊಯ್ಯದೆ ಒತ್ತಡವನ್ನು ಅಳೆಯುವ ಸುಲಭ ವಿಧಾನಕ್ಕೆ ಇನ್ನೂ ನೂರಾರವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. 1896ರಲ್ಲಿ ಇಟಲಿಯ ರೀವಾ-ರೋಚಿ ಎಂಬ ವೈದ್ಯನು ತೋಳಿಗೆ ಗಾಳಿಯ ಪಟ್ಟಿಯನ್ನು ಸುತ್ತಿ ಪಾದರಸದ ಏರಿಳಿತದಿಂದ ಒತ್ತಡವನ್ನು ತಿಳಿಯುವ ಯಂತ್ರವನ್ನು ರಚಿಸಿದನು. 1905ರಲ್ಲಿ ರಷ್ಯಾದ ಕೊರಾಟ್ಕಾಫ್ ಎಂಬ ಶಸ್ತ್ರವೈದ್ಯನು ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪನ್ನಿಟ್ಟು ನಾಳದ ಸಪ್ಪಳವನ್ನು ಆಲಿಸಿ, ಮೇಲಿನ ಒತ್ತಡ ಕೆಳಗಿನ ಒತ್ತಡಗಳೆರಡನ್ನೂ ಗುರುತಿಸುವ ಕ್ರಮವನ್ನು ತೋರಿಸಿಕೊಟ್ಟನು. ಇಂದಿಗೂ ವೈದ್ಯರು ಸ್ಟೆತಾಸ್ಕೋಪ್ ಹಿಡಿದು ಅಳೆಯುವಾಗ ಅನುಸರಿಸುವುದು ಅದೇ ಕ್ರಮ.

ಈ ನಡುವೆ ಭಾರತೀಯ ಮೂಲದ ಒಬ್ಬ ತರುಣ ವೈದ್ಯನು ಮಾಡಿದ ಕಾರ್ಯವನ್ನು ನಮ್ಮವರು ಅಷ್ಟಾಗಿ ಬಲ್ಲವರಲ್ಲ. ಬಿಹಾರದ ಪಾಟ್ನಾದಲ್ಲಿ ಜನಿಸಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ದೀನ್ ಮಹಮ್ಮದ್ ಎಂಬುವರ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮ್ಮದ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ದುಡಿದವನು. ಮೂತ್ರಪಿಂಡದ ರೋಗದಿಂದಲೇ ನಾಡಿ ಗಡುಸಾಗುತ್ತದೆ ಎಂದು ವೈದ್ಯರು ನಂಬಿದ್ದ ಕಾಲದಲ್ಲಿ, ಅಂಥ ಯಾವ ರೋಗವೂ ಕಾಣದ, ಆರೋಗ್ಯವಂತರಂತೆ ಓಡಾಡಿಕೊಂಡಿರುವವರಲ್ಲಿಯೂ ರಕ್ತದ ಒತ್ತಡ ಏರಿರಬಹುದೆಂದು ಅವನು ನಾಡಿಯ ಬಡಿತವನ್ನು ರೇಖಿಸುವ ಯಂತ್ರದಿಂದ ತೋರಿಸಿದನು. 1884ರಲ್ಲಿ, ಇನ್ನೂ ಮೂವತ್ತೈದರ ಹರೆಯದಲ್ಲಿ, ವಿಷಮಶೀತ ಜ್ವರದಿಂದ ಅವನು ತೀರಿಕೊಂಡನು. ಆರೋಗ್ಯವಂತನಂತೆ ಕಾಣುವವನೂ ರೋಗಿಯಾಗಿರಬಹುದು ಎಂಬ ಅವನ ಮಾತಿನಲ್ಲಿಯೇ ಮುಂದಿನ ಎಲ್ಲ ತೊಡಕಿನ ಬೀಜವಿದ್ದಿತು. ತಾನು ರೋಗಿಯೆಂದು ಅನುಭವಕ್ಕೆ ಬಾರದವನು ಮದ್ದನ್ನು ಏಕೆ ನುಂಗಿಯಾನು?

ಮದ್ದಿಲ್ಲದ ಕಾಲ

ಅಳತೆಯೇನೋ ಬಂದಿತು, ಮದ್ದು ಬರಲಿಲ್ಲ. ಮದ್ದು ಬೇಕೇ ಎಂಬುದರಲ್ಲಿಯೇ ಪಂಡಿತರಿಗೆ ಸಂಶಯವಿದ್ದಿತು. ವಯಸ್ಸಾದಂತೆ ನಾಳಗಳು ಕಿರಿದಾಗುತ್ತವೆ, ಅವುಗಳ ಮೂಲಕ ರಕ್ತವನ್ನು ನೂಕಲು ಹೆಚ್ಚಿನ ಒತ್ತಡ ಅವಶ್ಯಕ, ಅದನ್ನು ಇಳಿಸಿದರೆ ಕೇಡು ಎಂದು ಬಗೆದವರೂ ಇದ್ದರು. ಇಂಗ್ಲಿಷಿನಲ್ಲಿ ಈ ರೋಗಕ್ಕೆ 'ಅವಶ್ಯಕ' ಎಂಬರ್ಥದ ವಿಶೇಷಣವು ಅಂಟಿಕೊಂಡದ್ದು ಆ ಕಾಲದ ಭಾವನೆಯಿಂದಲೇ.

ಈ ಅಜ್ಞಾನದ ಬೆಲೆಯನ್ನು ತೆತ್ತವರಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರೂ ಒಬ್ಬರು. 1944ರ ಮಾರ್ಚಿಯಲ್ಲಿ ಹೃದಯತಜ್ಞ ಹೊವರ್ಡ್ ಬ್ರೂಯೆನ್ ಅವರನ್ನು ಪರೀಕ್ಷಿಸಿದಾಗ ಒತ್ತಡವು 186/108 ಇದ್ದಿತು. ಜಗತ್ತಿನ ಅತಿ ಬಲಾಢ್ಯ ರಾಷ್ಟ್ರದ ಮುಖ್ಯಸ್ಥರಿಗೆ ಅಂದಿನ ವೈದ್ಯರು ಕೊಡಬಹುದಾಗಿದ್ದುದು ಉಪ್ಪು ಕಡಿಮೆಯಾದ ಆಹಾರ, ವಿಶ್ರಾಂತಿ, ನಿದ್ರೆ ತರುವ ಮದ್ದು, ಹೃದಯಕ್ಕೆ ಡಿಜಿಟಾಲಿಸ್ ಇವಿಷ್ಟೇ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವರು ಕುಸಿದಾಗ ಒತ್ತಡವು 300/190ಕ್ಕೆ ಏರಿದ್ದಿತು. ಅದೇ ದಶಕದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಕೆಂಪ್ನರ್ ಎಂಬ ವೈದ್ಯನು ಅನ್ನ ಹಾಗೂ ಹಣ್ಣಿನ ಕಠಿಣ ಪಥ್ಯದಿಂದ ಕೆಲವರ ಒತ್ತಡವನ್ನು ಇಳಿಸಿ ತೋರಿಸಿದನು. ಬೆನ್ನಿನ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ನಡೆಯುತ್ತಿದ್ದಿತು. ಪಥ್ಯವನ್ನು ಬಹುಕಾಲ ನಡೆಸುವವರು ವಿರಳ. ಕತ್ತಿಗೆ ಒಡ್ಡಿಕೊಳ್ಳುವವರು ಇನ್ನೂ ವಿರಳ.

ಸರ್ಪಗಂಧದಿಂದ ಮೂರು ಮದ್ದುಗಳವರೆಗೆ

ಒತ್ತಡವನ್ನು ಇಳಿಸುವ ಮೊದಲ ಮಾತ್ರೆಗಳಲ್ಲಿ ಒಂದು ನಮ್ಮ ನೆಲದ ಬೇರಿನಿಂದ ಬಂದಿತೆಂಬುದು ಅಭಿಮಾನದ ಮಾತು. ಸರ್ಪಗಂಧವು ನಮ್ಮ ವೈದ್ಯರಿಗೆ ಹಿಂದಿನಿಂದಲೂ ಪರಿಚಿತವಾದ ಗಿಡ. 1931ರಲ್ಲಿ ಗಣನಾಥ ಸೇನ್ ಹಾಗೂ ಕಾರ್ತಿಕ್ ಚಂದ್ರ ಬೋಸ್ ಅವರು ಇದು ಉನ್ಮಾದಕ್ಕೂ ಏರಿದ ರಕ್ತದೊತ್ತಡಕ್ಕೂ ಮದ್ದಾಗಬಲ್ಲುದೆಂದು ಪ್ರಕಟಿಸಿದರು. ಬೊಂಬಾಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲರು ರೋಗಿಗಳ ಮೇಲೆ ಪರೀಕ್ಷಿಸಿ, 1949ರಲ್ಲಿ ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಫಲಿತಾಂಶವನ್ನು ಮುದ್ರಿಸಿದ ಮೇಲೆ ಪಾಶ್ಚಾತ್ಯರ ಕಣ್ಣು ಇತ್ತ ಹೊರಳಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಇದೇ ವರ್ಷಗಳಲ್ಲಿ ನಾಳಗಳನ್ನು ಸಡಿಲಿಸುವ ಹೈಡ್ರಲಜೀನ್, 1958ರ ಹೊತ್ತಿಗೆ ಮೂತ್ರದ ಮೂಲಕ ಉಪ್ಪನ್ನು ಹೊರಹಾಕುವ ಥಯಜೈಡ್ ಜಾತಿಯ ಮಾತ್ರೆಗಳು ಬಳಕೆಗೆ ಬಂದವು.

ಮದ್ದುಗಳಿಂದ ಒತ್ತಡ ಇಳಿದೀತು, ಆಯುಷ್ಯ ಉಳಿದೀತೇ? ಈ ಪ್ರಶ್ನೆಗೆ ಉತ್ತರವಿತ್ತವರು ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳ ವೈದ್ಯ ಎಡ್ವರ್ಡ್ ಫ್ರೈಸ್ ಮತ್ತು ಅವರ ಸಹೋದ್ಯೋಗಿಗಳು. ಕೆಳಗಿನ ಒತ್ತಡವು 115ರಿಂದ 129ರವರೆಗಿದ್ದ 143 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಥಯಜೈಡ್, ರಿಸರ್ಪಿನ್, ಹೈಡ್ರಲಜೀನ್ ಈ ಮೂರನ್ನೂ, ಇನ್ನೊಂದಕ್ಕೆ ಮದ್ದಿಲ್ಲದ ಹುಸಿ ಮಾತ್ರೆಗಳನ್ನೂ ಕೊಟ್ಟರು. 1967ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹುಸಿ ಮಾತ್ರೆಯವರಲ್ಲಿ 27 ಮಂದಿಗೆ ಸಾವು, ಪಾರ್ಶ್ವವಾಯು ಮೊದಲಾದ ಘೋರ ಅಪಾಯಗಳು ಒದಗಿದವು; ಮದ್ದು ಸೇವಿಸಿದವರಲ್ಲಿ ಇಬ್ಬರಿಗೆ ಮಾತ್ರ. 1970ರ ಎರಡನೆಯ ವರದಿಯು ಅಷ್ಟು ತೀವ್ರವಲ್ಲದ ಒತ್ತಡದವರಿಗೂ ಮದ್ದಿನಿಂದ ಲಾಭವೆಂದು ಸಾರಿತು.

ಈ ಪರೀಕ್ಷೆಯ ಒಂದು ಒಳಸಂಗತಿಯು ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಪರೀಕ್ಷೆಗೆ ಸೇರಿಸಿಕೊಳ್ಳುವ ಮುನ್ನ ಪ್ರತಿಯೊಬ್ಬನಿಗೂ ರೈಬೋಫ್ಲೇವಿನ್ ಎಂಬ ಜೀವಸತ್ತ್ವವನ್ನು ಬೆರೆಸಿದ ಹುಸಿ ಮಾತ್ರೆಗಳನ್ನು ಕೊಟ್ಟು ಮನೆಗೆ ಕಳುಹಿಸುತ್ತಿದ್ದರು. ಅದನ್ನು ಸೇವಿಸಿದವನ ಮೂತ್ರವು ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತದೆ. ಹೊಳಪಿಲ್ಲದಿದ್ದರೆ, ಉಳಿದ ಮಾತ್ರೆಗಳ ಎಣಿಕೆ ತಾಳೆಯಾಗದಿದ್ದರೆ, ಅಂಥವನನ್ನು ಬಿಟ್ಟುಬಿಡುತ್ತಿದ್ದರು. ಎಂದರೆ ಮದ್ದಿನ ಮಹಿಮೆಯನ್ನು ಜಗತ್ತಿಗೆ ತೋರಿಸಿದ ಆ ಅಂಕಿಗಳು ಮದ್ದಿನ ನೇಮವನ್ನು ಪಾಲಿಸುವವರ ಅಂಕಿಗಳು. ಪಾಲಿಸದವರು ಬಾಗಿಲಿನಲ್ಲಿಯೇ ಹಿಂತಿರುಗಿದ್ದರು. ಅವರ ಗತಿಯೇನು ಎಂಬ ಪ್ರಶ್ನೆಯು ಹಾಗೆಯೇ ಉಳಿಯಿತು.

ಅಂದಿನ ಮದ್ದುಗಳಲ್ಲಿ ಹಲವು ದೇಹದಲ್ಲಿ ಕೆಲವೇ ಗಂಟೆಗಳ ಕಾಲ ನಿಲ್ಲುವಂಥವು. ಹೈಡ್ರಲಜೀನನ್ನು ದಿನಕ್ಕೆ ಮೂರು ನಾಲ್ಕು ಬಾರಿ, ಮೀಥೈಲ್‌ಡೋಪವನ್ನು ಎರಡು ಮೂರು ಬಾರಿ ಸೇವಿಸಬೇಕಾಗುತ್ತಿದ್ದಿತು. ಒಂದರಿಂದ ಮೂಗು ಕಟ್ಟುವುದು, ಮನಸ್ಸು ಕುಗ್ಗುವುದು, ಇನ್ನೊಂದರಿಂದ ತಲೆನೋವು, ಮತ್ತೊಂದರಿಂದ ಪದೇ ಪದೇ ಮೂತ್ರಕ್ಕೆ ಏಳುವುದು. ಮೂರನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿ ಮಾರುವ ಕ್ರಮವು ಆಗಲೇ ಬಂದಿದ್ದಿತು. ನಮ್ಮ ಹಿರಿಯ ಓದುಗರಲ್ಲಿ ಕೆಲವರಿಗೆ ಅಡೆಲ್ಫೇನ್ ಎಸಿಡ್ರೆಕ್ಸ್ ಎಂಬ ಹೆಸರಿನ ಮಾತ್ರೆಯು ನೆನಪಿರಬಹುದು; ರಿಸರ್ಪಿನ್ ಮೊದಲಾದ ಮೂರು ಮದ್ದುಗಳ ಸೇರಿಕೆ ಅದು. ಆದರೆ ಬೆರೆಸಿದ ಮಾತ್ರೆಯಲ್ಲಿ ಒಂದೊಂದರ ಪ್ರಮಾಣವನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಲು ಬಾರದೆಂಬ ಕಾರಣದಿಂದ ಪಂಡಿತರಲ್ಲಿ ಹಲವರು ಅದನ್ನು ಮೆಚ್ಚಲಿಲ್ಲ. 1977ರಲ್ಲಿ ಅಮೆರಿಕದ ರಾಷ್ಟ್ರೀಯ ಸಮಿತಿಯು ಮೆಟ್ಟಿಲು ಮೆಟ್ಟಿಲಾಗಿ ಚಿಕಿತ್ಸೆ ನಡೆಸಬೇಕೆಂದು ಸೂಚಿಸಿತು: ಮೊದಲು ಒಂದು ಮದ್ದು, ಸಾಲದಿದ್ದರೆ ಎರಡನೆಯದು, ಅದೂ ಸಾಲದಿದ್ದರೆ ಮೂರನೆಯದು. ತರ್ಕಕ್ಕೆ ಇದು ಒಪ್ಪುವಂಥದು. ಆದರೆ ಒಂದೊಂದು ಮೆಟ್ಟಿಲಿನಲ್ಲಿಯೂ ರೋಗಿಯ ಚೀಲಕ್ಕೆ ಒಂದೊಂದು ಮಾತ್ರೆ ಸೇರುತ್ತ ಹೋಯಿತು.

ಉಕ್ಕಿನ ಕಾರ್ಖಾನೆಯ ಪಾಠ

ರೋಗಿಗಳು ಮದ್ದನ್ನು ಸೇವಿಸದೆಯೇ ಸೇವಿಸಿದೆವೆನ್ನುತ್ತಾರೆ, ವೈದ್ಯನು ಇದನ್ನು ಗಮನಿಸುತ್ತಿರಬೇಕು ಎಂಬ ಎಚ್ಚರಿಕೆಯು ಗ್ರೀಸಿನ ಹಿಪಾಕ್ರಟೀಸನ ಪರಂಪರೆಯ ಗ್ರಂಥಗಳಲ್ಲಿಯೇ ಇದೆ. ಅದನ್ನು ವಿಜ್ಞಾನದ ವಿಷಯವಾಗಿ ಎತ್ತಿಕೊಂಡದ್ದು ಮಾತ್ರ 1970ರ ದಶಕದಲ್ಲಿ. ಕೆನಡಾದ ಹ್ಯಾಮಿಲ್ಟನ್ ನಗರದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ಸ್ಯಾಕೆಟ್, ಬ್ರಯನ್ ಹೇನ್ಸ್ ಮೊದಲಾದವರು ಉಕ್ಕಿನ ಕಾರ್ಖಾನೆಯ 230 ಕಾರ್ಮಿಕರನ್ನು ಆರಿಸಿಕೊಂಡು ಎರಡು ಉಪಾಯಗಳನ್ನು ಪರೀಕ್ಷಿಸಿದರು. ಕೆಲವರಿಗೆ ಕೆಲಸದ ವೇಳೆಯಲ್ಲಿಯೇ, ಕಾರ್ಖಾನೆಯಲ್ಲಿಯೇ ವೈದ್ಯರ ದರ್ಶನದ ಅನುಕೂಲ. ಕೆಲವರಿಗೆ ರಕ್ತದೊತ್ತಡದ ಬಗ್ಗೆ ಕ್ರಮಬದ್ಧವಾದ ಪಾಠ. ಪಾಠ ಕೇಳಿದವರು ರೋಗದ ವಿಷಯವನ್ನು ಚೆನ್ನಾಗಿಯೇ ಕಲಿತರು. ಆದರೆ 1975ರ ವರದಿಯ ಪ್ರಕಾರ ಅನುಕೂಲದಿಂದಾಗಲಿ ಪಾಠದಿಂದಾಗಲಿ ಮದ್ದಿನ ನೇಮವು ಹೆಚ್ಚಲಿಲ್ಲ. ತಿಳಿವಳಿಕೆಯಿದ್ದ ಮಾತ್ರಕ್ಕೆ ನಡೆ ಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಉಕ್ಕಿನ ಕಾರ್ಖಾನೆಯಲ್ಲಿ ಅಂಕಿಗಳಿಂದ ಸಿದ್ಧವಾಯಿತು.

ಮರುವರ್ಷ ಅವರೇ ಇನ್ನೊಂದು ಪ್ರಯತ್ನ ಮಾಡಿದರು. ಮದ್ದನ್ನು ಸರಿಯಾಗಿ ಸೇವಿಸದೆ ಒತ್ತಡವೂ ಇಳಿಯದಿದ್ದ 38 ಮಂದಿಯಲ್ಲಿ ಒಂದು ಗುಂಪಿಗೆ ತಮ್ಮ ಒತ್ತಡವನ್ನು ಮನೆಯಲ್ಲಿ ತಾವೇ ಅಳೆದು ಬರೆದಿಡಲು ಕಲಿಸಿದರು. ಮಾತ್ರೆಯನ್ನು ಅವರವರ ದಿನಚರಿಯ ಯಾವುದಾದರೊಂದು ನಿತ್ಯಕರ್ಮಕ್ಕೆ ಗಂಟುಹಾಕಿದರು. ಹದಿನೈದು ದಿನಗಳಿಗೊಮ್ಮೆ, ವೈದ್ಯವಿದ್ಯೆಯ ತರಬೇತಿಯಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯು ಅವರನ್ನು ಕಂಡು, ಬರೆದುದನ್ನು ನೋಡಿ, ಸರಿಯಾಗಿದ್ದರೆ ಮೆಚ್ಚಿ ಮಾತಾಡುವ ಏರ್ಪಾಡು ಮಾಡಿದರು. ಈ ಗುಂಪಿನವರಲ್ಲಿ ಮದ್ದಿನ ನೇಮವು ಗಮನಾರ್ಹವಾಗಿ ಏರಿತು. ಇನ್ನೊಂದು ಗುಂಪು ಇದ್ದಲ್ಲಿಯೇ ಇದ್ದಿತು. ಪಾಠವು ಮಾಡದ ಕಾರ್ಯವನ್ನು ಅಭ್ಯಾಸ ಮತ್ತು ಸಹವಾಸಗಳು ಮಾಡಿದವು.

ಇದೇ ಕಾರ್ಖಾನೆಯಿಂದ 1978ರಲ್ಲಿ ಮೂರನೆಯದೊಂದು ಸಂಗತಿ ಹೊರಬಂದಿತು. ನಿನಗೆ ರಕ್ತದೊತ್ತಡವಿದೆ ಎಂದು ತಿಳಿಸಿದ ಮೇಲೆ ಕಾರ್ಮಿಕರು ಕೆಲಸಕ್ಕೆ ಗೈರುಹಾಜರಾಗುವುದು ಹೆಚ್ಚಿತು. ನಿನ್ನೆಯವರೆಗೆ ಸುಖವಾಗಿದ್ದವನು ಒಂದು ಮಾತಿನಿಂದ ರೋಗಿಯಾದನು. ಮಾತ್ರೆಯ ಹೊರೆ ಎಂಬುದು ಬರಿಯ ತೂಕದ ಮಾತಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಒಂದೊಂದು ಮಾತ್ರೆಯೂ 'ನೀನು ರೋಗಿ' ಎಂದು ಕಿವಿಯಲ್ಲಿ ಹೇಳುತ್ತದೆ. ಮದುವೆಯ ಪಂಕ್ತಿಯಲ್ಲಿ ಕುಳಿತು ಡಬ್ಬಿ ತೆಗೆಯಲು ಸಂಕೋಚ, ಪ್ರಯಾಣದಲ್ಲಿ ನೀರಿಲ್ಲ, ತಿಂಗಳ ಕೊನೆಯಲ್ಲಿ ಹಣವಿಲ್ಲ; ಇವೆಲ್ಲ ಸೇರಿ ಹೊರೆಯಾಗುತ್ತವೆ. ಮಾತ್ರೆ ಬಿಟ್ಟ ದಿನ ಮೈಗೆ ಏನೂ ಆಗುವುದಿಲ್ಲ. ಒಂದೊಂದು ವೇಳೆ ಹಗುರವೇ ಎನ್ನಿಸುತ್ತದೆ. ಶಿಕ್ಷೆ ಬರುವುದು ವರ್ಷಗಳ ಮೇಲೆ, ಒಮ್ಮೆಲೇ.

ಎಣಿಕೆಯು ಹೇಳಿದ ಸತ್ಯ

ಮುಂದಿನ ದಶಕಗಳಲ್ಲಿ ಒಳ್ಳೊಳ್ಳೆಯ ಮದ್ದುಗಳು ಬಂದವು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಅವರ ಪ್ರೊಪ್ರನೊಲಾಲ್ 1960ರ ದಶಕದಲ್ಲಿಯೇ ಬಂದಿದ್ದಿತು. ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. 1990ರ ದಶಕದಲ್ಲಿ ಹರಡಿದ ಆಮ್ಲೋಡಿಪಿನ್ ದೇಹದಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ನಿಲ್ಲುವುದರಿಂದ ದಿನಕ್ಕೆ ಒಂದೇ ಸಲ ಸಾಕಾಯಿತು. ಉಪದ್ರವಗಳು ಕಡಿಮೆಯಾದವು. ಆದರೂ ನೇಮ ತಪ್ಪುವುದು ನಿಲ್ಲಲಿಲ್ಲ.

ಈಗ ಎಣಿಕೆಯ ಸಾಧನಗಳು ಸೂಕ್ಷ್ಮವಾಗಿದ್ದವು. ಸೀಸೆಯ ಮುಚ್ಚಳದಲ್ಲಿ ಸಣ್ಣ ವಿದ್ಯುನ್ಮಾನ ಚಿಪ್ಪನ್ನಿಟ್ಟು, ಅದು ಯಾವ ದಿನ ಯಾವ ಹೊತ್ತಿಗೆ ತೆರೆಯಿತೆಂಬುದನ್ನು ದಾಖಲಿಸುವ ಉಪಾಯವು ಬಂದಿತು. ನಾನಾ ರೋಗಗಳಲ್ಲಿ ಇಂಥ ಸಾಧನದಿಂದ ನಡೆದ 76 ಅಧ್ಯಯನಗಳನ್ನು 2001ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ಒಂದು ಸಲದ ಮದ್ದಿನಲ್ಲಿ ನೇಮಪಾಲನೆಯು ಸರಾಸರಿ ಶೇಕಡಾ 79, ಎರಡು ಸಲದ್ದರಲ್ಲಿ 69, ಮೂರು ಸಲದ್ದರಲ್ಲಿ 65, ನಾಲ್ಕು ಸಲದ್ದರಲ್ಲಿ 51 ಎಂದು ಕಂಡುಬಂದಿತು. ಮೆಟ್ಟಿಲು ಮೆಟ್ಟಿಲಾಗಿ ಏರಿದ ಚಿಕಿತ್ಸೆಯ ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ನೇಮ! 2008ರಲ್ಲಿ ರಕ್ತದೊತ್ತಡದ 4783 ರೋಗಿಗಳ ಇಂಥ ದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರು, ಒಂದು ವರ್ಷದೊಳಗೆ ಸುಮಾರು ಅರ್ಧದಷ್ಟು ಮಂದಿ ಮದ್ದನ್ನೇ ನಿಲ್ಲಿಸಿದ್ದರೆಂದು ತಿಳಿಸಿದರು.

ಸೀಸೆ ತೆರೆದವನು ಮಾತ್ರೆಯನ್ನು ನುಂಗಿಯೇ ನುಂಗಿದನೆಂಬುದಕ್ಕೆ ಸಾಕ್ಷಿಯೇನು? ಅದಕ್ಕಾಗಿ ಮೂತ್ರ ಅಥವಾ ರಕ್ತದಲ್ಲಿ ಮದ್ದಿನ ಅಂಶವನ್ನೇ ಪತ್ತೆಹಚ್ಚುವ ವಿಧಾನವು ಬಂದಿತು. 2017ರಲ್ಲಿ ಬ್ರಿಟನ್ ಮತ್ತು ಚೆಕ್ ದೇಶಗಳ 1348 ರೋಗಿಗಳನ್ನು ಹೀಗೆ ಪರೀಕ್ಷಿಸಿದಾಗ ಬ್ರಿಟನ್ನಿನಲ್ಲಿ ಶೇಕಡಾ 41.6, ಚೆಕ್ ದೇಶದಲ್ಲಿ ಶೇಕಡಾ 31.5 ಮಂದಿ ಬರೆದುಕೊಟ್ಟ ಮದ್ದುಗಳಲ್ಲಿ ಒಂದನ್ನಾದರೂ ಸೇವಿಸಿರಲಿಲ್ಲ. ಒಂದೊಂದು ಹೊಸ ಮದ್ದು ಸೇರಿದಾಗಲೂ ನೇಮ ತಪ್ಪುವ ಸಂಭವದ ಪ್ರಮಾಣವು ಬ್ರಿಟನ್ನಿನಲ್ಲಿ ಶೇಕಡಾ 85ರಷ್ಟು, ಚೆಕ್ ದೇಶದಲ್ಲಿ 77ರಷ್ಟು ಹೆಚ್ಚುತ್ತಿದ್ದಿತು. ನಮ್ಮ ಉಪಾಧ್ಯಾಯರು ತೊದಲಿ ಹೇಳಿದ ಮಾತಿಗೆ ಇದಕ್ಕಿಂತ ಬಲವಾದ ಪ್ರಮಾಣವು ಬೇಡ.

ಇದರಿಂದ ಒಂದು ವಿಷಚಕ್ರವು ಹುಟ್ಟುತ್ತದೆ. ರೋಗಿಯು ಮದ್ದನ್ನು ಬಿಡುತ್ತಾನೆ, ಹೇಳಲು ಅಂಜುತ್ತಾನೆ. ಒತ್ತಡ ಇಳಿದಿಲ್ಲವೆಂದು ವೈದ್ಯನು ಇನ್ನೊಂದು ಮದ್ದನ್ನು ಸೇರಿಸುತ್ತಾನೆ. ಹೊರೆ ಹೆಚ್ಚಿತೆಂದು ರೋಗಿಯು ಇನ್ನೊಂದನ್ನು ಬಿಡುತ್ತಾನೆ. ಯಾವುದೋ ಕಾರಣಕ್ಕೆ ಆಸ್ಪತ್ರೆ ಸೇರಿದಾಗ ದಾದಿಯರು ಚೀಟಿಯಲ್ಲಿರುವ ಅಷ್ಟನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟರೆ ಒತ್ತಡವು ಒಮ್ಮೆಲೇ ಕುಸಿಯುವ ಅಪಾಯವೂ ಉಂಟು. ವೈದ್ಯನಿಗೆ ಹೇಳಿದ ಸುಳ್ಳು ರೋಗಿಯ ಮೈಯನ್ನೇ ಮುರಿಯುತ್ತದೆ.

ಒಂದೇ ಮಾತ್ರೆಯ ಕಡೆಗೆ

ಒಮ್ಮೆ ಪಂಡಿತರು ಬದಿಗಿಟ್ಟಿದ್ದ ಬೆರಕೆಯ ಮಾತ್ರೆಯು ಇಪ್ಪತ್ತೊಂದನೆಯ ಶತಮಾನದಲ್ಲಿ ಮತ್ತೆ ಮುಂದೆ ಬಂದಿತು. ಕಾರಣ ಎರಡು. ಒಂದು, ಮೇಲೆ ಹೇಳಿದ ಎಣಿಕೆಗಳು. ಎರಡು, ಮದ್ದಿನ ಪ್ರಮಾಣದ ಲೆಕ್ಕ. ಲಂಡನ್ನಿನ ನಿಕೊಲಸ್ ವಾಲ್ಡ್, ಮಾಲ್ಕಮ್ ಲಾ ಮೊದಲಾದವರು 42 ಪರೀಕ್ಷೆಗಳನ್ನು ಕಲೆಹಾಕಿ 2009ರಲ್ಲಿ ತಿಳಿಸಿದುದೇನೆಂದರೆ, ಒಂದು ಮದ್ದಿನ ಪ್ರಮಾಣವನ್ನು ಇಮ್ಮಡಿಸುವುದಕ್ಕಿಂತ ಬೇರೆ ವರ್ಗದ ಎರಡನೆಯ ಮದ್ದನ್ನು ಸೇರಿಸುವುದರಿಂದ ಒತ್ತಡವು ಸುಮಾರು ಐದು ಪಟ್ಟು ಹೆಚ್ಚಾಗಿ ಇಳಿಯುತ್ತದೆ. ಎಂದರೆ ಅನೇಕರಿಗೆ ಎರಡು ಮೂರು ಮದ್ದುಗಳು ಬೇಕೇ ಬೇಕು. ಬೇಕಾದ ಮೇಲೆ ಅವು ಒಂದೇ ಮಾತ್ರೆಯೊಳಗೆ, ಅಲ್ಪ ಪ್ರಮಾಣದಲ್ಲಿ ಇರುವುದು ಲೇಸು. ಇದೇ ವಾಲ್ಡ್ ಮತ್ತು ಲಾ ಅವರು 2003ರಲ್ಲಿ ಒತ್ತಡ, ಕೊಬ್ಬು, ರಕ್ತದ ಹೆಪ್ಪುಗಟ್ಟುವಿಕೆ ಇವೆಲ್ಲಕ್ಕೂ ಒಂದೇ ಗುಳಿಗೆಯಿರಬೇಕೆಂದು 'ಪಾಲಿಪಿಲ್' ಎಂಬ ಕಲ್ಪನೆಯನ್ನು ಮಂಡಿಸಿದ್ದರು.

ಆ ಕಲ್ಪನೆಯನ್ನು ಪರೀಕ್ಷೆಗೆ ಒಡ್ಡಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ನಮ್ಮ ನಾಡಿಗೂ ಪಾಲುಂಟು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಪ್ರೇಮ್ ಪೈಸ್, ಕೆನಡಾದಲ್ಲಿ ನೆಲೆಸಿರುವ ಸಲೀಂ ಯೂಸುಫ್ ಮೊದಲಾದವರು ಭಾರತದ 50 ಕೇಂದ್ರಗಳಲ್ಲಿ 2053 ಮಂದಿಯ ಮೇಲೆ ಐದು ಮದ್ದುಗಳ ಒಂದು ಗುಳಿಗೆಯನ್ನು ಪರೀಕ್ಷಿಸಿ, 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಾಗೆ ಬೆರೆಸಿದರೂ ಜನರು ಅದನ್ನು ತಾಳಿಕೊಳ್ಳಬಲ್ಲರು, ಒತ್ತಡವೂ ಇಳಿಯುತ್ತದೆ ಎಂಬುದು ಅದರಿಂದ ಸ್ಪಷ್ಟವಾಯಿತು. 2013ರಲ್ಲಿ ಭಾರತ ಹಾಗೂ ಯೂರೋಪಿನ 2004 ಮಂದಿಯ ಮತ್ತೊಂದು ಪರೀಕ್ಷೆಯಲ್ಲಿ ಒಂದೇ ಗುಳಿಗೆಯವರ ನೇಮಪಾಲನೆ ಶೇಕಡಾ 86, ಬೇರೆ ಬೇರೆ ಮಾತ್ರೆಗಳವರದು 65 ಎಂದು ಕಂಡುಬಂದಿತು. ನೆರೆಯ ಶ್ರೀಲಂಕಾದಲ್ಲಿ 700 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂರು ಮದ್ದುಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ ಮಾತ್ರೆಯಿಂದ ಆರು ತಿಂಗಳಲ್ಲಿ ಶೇಕಡಾ 70 ಮಂದಿಯ ಒತ್ತಡವು ಗುರಿಯೊಳಗೆ ಬಂದಿತು. ರೂಢಿಯ ಚಿಕಿತ್ಸೆಯಲ್ಲಿ ಶೇಕಡಾ 55 ಮಂದಿಯದು ಮಾತ್ರ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರಕ್ತದೊತ್ತಡದ ಬೆರಕೆ ಮಾತ್ರೆಗಳನ್ನು ತನ್ನ ಅವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2021ರ ಮಾರ್ಗದರ್ಶಿಯಲ್ಲಿ ಇಂಥ ಒಂದೇ ಮಾತ್ರೆಯ ಬಳಕೆಗೆ ಪ್ರೋತ್ಸಾಹವಿತ್ತಿತು.

ಹಾಗೆಂದು ಒಂದೇ ಮಾತ್ರೆಯು ಎಲ್ಲಕ್ಕೂ ಪರಿಹಾರವೆಂದು ಬಗೆಯುವುದು ಸಲ್ಲದು. 2013ರ ಆ ಪರೀಕ್ಷೆಯಲ್ಲಿ ನೇಮವು ಬಹಳ ಹೆಚ್ಚಿದರೂ ಮೇಲಿನ ಒತ್ತಡದಲ್ಲಿ ಕಂಡ ವ್ಯತ್ಯಾಸವು 2.6 ಮಾತ್ರ. ಒಂದರೊಳಗೆ ಮೂರು ಇರುವಾಗ ಒಂದನ್ನು ಮರೆತವನು ಮೂರನ್ನೂ ಮರೆತಂತೆ. ಬೆರೆಸಿದುದೆಲ್ಲ ಒಳ್ಳೆಯದೆಂಬ ಮಾತೂ ನಿಲ್ಲದು. ನಮ್ಮ ಕೇಂದ್ರ ಸರಕಾರವು 2016ರ ಮಾರ್ಚಿಯಲ್ಲಿ ನಾನಾ ರೋಗಗಳ 344 ಬಗೆಯ ಅಸಂಗತ ಬೆರಕೆ ಮದ್ದುಗಳನ್ನು ನಿಷೇಧಿಸಬೇಕಾಗಿ ಬಂದುದನ್ನು ಮರೆಯಲಾಗದು. ಯಾರಿಗೆ ಯಾವುದು ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ಅಂಗಡಿಯವರಲ್ಲ, ನೆರೆಮನೆಯವರೂ ಅಲ್ಲ.

ಉಪಸಂಹಾರ

2019ರ ಲೆಕ್ಕದಂತೆ ಜಗತ್ತಿನಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 128 ಕೋಟಿ ಮಂದಿಗೆ ರಕ್ತದೊತ್ತಡವಿದ್ದಿತು. ಒತ್ತಡವು ಹತೋಟಿಯಲ್ಲಿದ್ದವರು ಅವರಲ್ಲಿ ಐವರಿಗೆ ಒಬ್ಬರಷ್ಟೇ. ಮದ್ದಿಲ್ಲದೆ ರೂಸ್‌ವೆಲ್ಟರು ತೀರಿಕೊಂಡ ಕಾಲಕ್ಕೂ, ಮದ್ದಿನ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಕೈಕಾಲು ಕಳೆದುಕೊಳ್ಳುವ ಈ ಕಾಲಕ್ಕೂ ಇರುವ ಅಂತರವನ್ನು ಯೋಚಿಸಿದರೆ ಮನಸ್ಸಿಗೆ ಖೇದವಾಗುತ್ತದೆ.

ನಾವು ಇದನ್ನು ದೂರದಲ್ಲಿ ನಿಂತು ಬರೆಯುತ್ತಿಲ್ಲ. ನಮಗೂ ಕೆಲವು ವರ್ಷಗಳಿಂದ ಈ ರೋಗವಿದೆ. ಉಪವಾಸದ ದಿನಗಳಲ್ಲಿ ಮಾತ್ರೆಯನ್ನು ಬಿಡುವುದೇ ವ್ರತದ ಅಂಗವೆಂಬಂತೆ ನಾವೂ ಬಿಟ್ಟದ್ದುಂಟು. ವೈದ್ಯರು ಕೇಳಿದಾಗ ಮೌನವಾಗಿ ತಲೆಯಾಡಿಸಿದ್ದೂ ಉಂಟು. ಉಪಾಧ್ಯಾಯರ ಚೀಲವನ್ನು ಕಂಡ ಮೇಲೆ ಆ ಮೌನವು ತಪ್ಪೆಂದು ಮನಗಂಡೆವು. ಉಪವಾಸದಂದು ಮಾತ್ರೆಯ ವಿಷಯದಲ್ಲಿ ಏನು ಮಾಡಬೇಕೆಂದು ಈಗ ವೈದ್ಯರನ್ನೇ ಕೇಳಿ ತಿಳಿದುಕೊಂಡಿದ್ದೇವೆ.

ಭಕ್ತರಲ್ಲಿ ನಮ್ಮ ಸೂಚನೆ ಇಷ್ಟೇ. ವೈದ್ಯರಲ್ಲಿಗೆ ಹೋಗುವಾಗ ಚೀಟಿಯನ್ನು ಮಾತ್ರವಲ್ಲ, ಮನೆಯಲ್ಲಿರುವ ಮದ್ದಿನ ಚೀಲವನ್ನೇ ಕೊಂಡೊಯ್ಯಿರಿ. ಬಿಟ್ಟದ್ದನ್ನು ಬಿಟ್ಟೆನೆಂದು ಹೇಳಿರಿ. ಇವುಗಳಲ್ಲಿ ಯಾವುದನ್ನಾದರೂ ಕಡಿಮೆ ಮಾಡಬಹುದೇ, ಒಂದರೊಳಗೆ ಸೇರಿಸಬಹುದೇ, ದಿನಕ್ಕೆ ಒಂದೇ ಹೊತ್ತಿಗೆ ತರಬಹುದೇ ಎಂದು ಕೇಳುವುದು ಅವಿನಯವಲ್ಲ. ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದು ಮಾತ್ರ ಸಲ್ಲದು. ನಿತ್ಯವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಮಾತ್ರೆಯನ್ನು ಗಂಟುಹಾಕಿರಿ. ಮನೆಯ ಕಿರಿಯರು ಹಿರಿಯರನ್ನು ಗದರುವ ಬದಲು, ಹದಿನೈದು ದಿನಗಳಿಗೊಮ್ಮೆ ಪಕ್ಕದಲ್ಲಿ ಕುಳಿತು ಮಾತ್ರೆಗಳನ್ನು ಎಣಿಸಿ, ಸರಿಯಾಗಿದ್ದರೆ ಒಂದು ಒಳ್ಳೆಯ ಮಾತಾಡಲಿ. ಹ್ಯಾಮಿಲ್ಟನ್ನಿನ ಕಾರ್ಮಿಕರಿಗೆ ಅಷ್ಟರಿಂದಲೇ ಉಪಕಾರವಾಯಿತು.

ಉಪಾಧ್ಯಾಯರ ವೈದ್ಯರು ಚೀಲವನ್ನು ನೋಡಿದ ಮೇಲೆ ಮದ್ದುಗಳನ್ನು ಮತ್ತೆ ಲೆಕ್ಕಹಾಕಿ, ಒಂಬತ್ತು ಮಾತ್ರೆಗಳನ್ನು ಮೂರಕ್ಕೆ ಇಳಿಸಿದ್ದಾರೆ. ಅವರು ಅವುಗಳನ್ನು ಬೆಳಗಿನ ಪೂಜೆ ಮುಗಿಸಿ ಪ್ರಸಾದ ಸ್ವೀಕರಿಸುವ ಹೊತ್ತಿಗೆ ಸೇವಿಸುತ್ತಾರೆ. ಒಂದು ದಿನವೂ ತಪ್ಪಿಲ್ಲವೆಂದು ಮಗನು ತಿಳಿಸಿದ್ದಾನೆ. ಈ ವರ್ಷದ ಸಂಘದ ವರದಿಯನ್ನು ಅವರು ಬಾಯಲ್ಲಿ ಹೇಳಿದರು, ಮಗನು ಬರೆದುಕೊಂಡನು. ಕೊನೆಯಲ್ಲಿ ಎಡಗೈಯಿಂದ ತಾವೇ ರುಜು ಹಾಕಿದ್ದಾರೆ.